ಚಾಕೊಲೇಟ್ ತಿನ್ನಿಸಿದ ಕೈ ಮನೆಗೆ ಯಾಕೆ ಬರಲಿಲ್ಲ? ಜ್ಯಾನ್ ಶಾಯರ್‌ಮನ್ ಪ್ರಕರಣ

2012ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಜ್ಯಾನ್ ಶಾಯರ್‌ಮನ್ ಎಂಬ ಮಹಿಳೆ ಒಂದು ಚಾಕೊಲೇಟ್ ಬಾರನ್ನು ತಾವೇ ಬಾಯಿಗೆ ತಂದುಕೊಂಡು ಕಚ್ಚಿದರು. ಕತ್ತಿನಿಂದ ಕೆಳಗೆ ಅವರಿಗೆ ಸ್ವಾಧೀನ ಇರಲಿಲ್ಲ. ಚಾಕೊಲೇಟ್ ಹಿಡಿದಿದ್ದು ಪಕ್ಕದಲ್ಲಿ ಕಂಬಕ್ಕೆ ಬಿಗಿದಿದ್ದ ಒಂದು ರೋಬೋಟ್ ಕೈ. ಆ ಕೈಯನ್ನು ನಡೆಸಿದ್ದು ಅವರ ಮಿದುಳಿನ ನರಕೋಶಗಳು.

ಈ ದೃಶ್ಯದ ವಿಡಿಯೊ ಲೋಕವೆಲ್ಲ ಸುತ್ತಿತು. ಸಾಧನೆ ದೊಡ್ಡದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಎರಡೂವರೆ ವರ್ಷ ದಾಟುವ ಹೊತ್ತಿಗೆ ಮಿದುಳಿನ ವಿದ್ಯುತ್ ಸಂಕೇತ ಹಿಡಿಯಲು ಜ್ಯಾನ್ ಅವರ ತಲೆಯೊಳಗೆ ಕೂರಿಸಿದ್ದ ಎಲೆಕ್ಟ್ರೋಡ್‌ಗಳನ್ನು ತೆಗೆಯಲಾಯಿತು. ರೋಬೋಟ್ ಕೈ ಪ್ರಯೋಗಾಲಯದಲ್ಲೇ ಉಳಿಯಿತು. ಇಷ್ಟು ಚೆನ್ನಾಗಿ ಕೆಲಸ ಮಾಡಿದ ಕೈ ಅವರ ಮನೆಗೆ ಯಾಕೆ ಬರಲಿಲ್ಲ? ಈ ಪ್ರಕರಣದಲ್ಲಿ ನನಗೆ ಮುಖ್ಯ ಅನ್ನಿಸುವುದು ಈ ಪ್ರಶ್ನೆ. ಉತ್ತರ ಹುಡುಕುತ್ತಾ ಹೋದರೆ ಅಡ್ಡಿ ಬಂದ ಕಡೆಗಳಲ್ಲಿ ಮಿದುಳಿನ ಪಾಲು ತೀರಾ ಕಡಿಮೆ. ಚರ್ಮ, ತಂತಿ, ದುಡ್ಡು, ಸ್ಪರ್ಶ, ಇವೇ ಜಾಸ್ತಿ.

ಕಾಯಿಲೆ

1996ರಲ್ಲಿ ಜ್ಯಾನ್ ಅವರಿಗೆ 36 ವರ್ಷ. ಆಗ ಕ್ಯಾಲಿಫೋರ್ನಿಯಾದಲ್ಲಿದ್ದರು. ಇಬ್ಬರು ಚಿಕ್ಕ ಮಕ್ಕಳು. ಪಾರ್ಟಿಗಳಲ್ಲಿ ಅತಿಥಿಗಳೇ ಸೇರಿ ಕೊಲೆಗಾರನನ್ನು ಪತ್ತೆ ಮಾಡುವ ಪತ್ತೇದಾರಿ ಆಟಗಳನ್ನು ಬರೆದು ಆಡಿಸುವ ಸ್ವಂತ ವ್ಯವಹಾರ ನಡೆಸುತ್ತಿದ್ದರು. ಒಂದು ರಾತ್ರಿ ಮನೆಗೆ ನಡೆದು ಬರುವಾಗ ಕಾಲುಗಳು ಹಿಂದೆಯೇ ಎಳೆದುಕೊಂಡು ಬರುತ್ತಿವೆ ಅನ್ನಿಸಿತು. ಎರಡು ವರ್ಷದೊಳಗೆ ವಿದ್ಯುತ್ ಗಾಲಿಕುರ್ಚಿ ಬಂತು. ಕೆಲಸ ನಿಂತಿತು. ಕುಟುಂಬ ಪಿಟ್ಸ್‌ಬರ್ಗ್‌ಗೆ ವಾಪಸಾಯಿತು. ನಿಧಾನವಾಗಿ ಕೈಗಳೂ ಹೋದವು. ಊಟ, ಸ್ನಾನ, ಮೂಗಿನ ಮೇಲಿನ ತುರಿಕೆ, ಎಲ್ಲದಕ್ಕೂ ಇನ್ನೊಬ್ಬರ ಕೈ ಬೇಕಾಯಿತು.

ವೈದ್ಯರು ಹೇಳಿದ ಹೆಸರು ಸ್ಪೈನೋಸೆರೆಬೆಲ್ಲರ್ ಡಿಜೆನರೇಷನ್. ಬೆನ್ನುಹುರಿ ಮತ್ತು ಕಿರುಮಿದುಳಿನ ನಡುವಿನ ನರಮಾರ್ಗಗಳು ಸವೆಯುತ್ತಾ ಹೋಗುವ ಕಾಯಿಲೆ ಇದು. ಮಿದುಳಿನಿಂದ ಆಜ್ಞೆ ಹೊರಡುತ್ತದೆ, ಸ್ನಾಯುವಿಗೆ ಮುಟ್ಟುವುದಿಲ್ಲ. ಜ್ಯಾನ್ ಅವರ ಬುದ್ಧಿ, ಮಾತು, ನೆನಪು ಎಲ್ಲ ಸರಿಯಾಗಿದ್ದವು. ಕೈ ಆಡಿಸುವ ಯೋಚನೆ ಹುಟ್ಟುವ ಮಿದುಳಿನ ಭಾಗವೂ ಸುಸ್ಥಿತಿಯಲ್ಲಿತ್ತು. ಇಡೀ ಪ್ರಯೋಗ ನಿಂತಿದ್ದು ಈ ಒಂದು ಸಂಗತಿಯ ಮೇಲೆ.

2011ರ ಅಕ್ಟೋಬರ್‌ನಲ್ಲಿ ಒಬ್ಬ ಗೆಳತಿ ಅವರಿಗೆ ಒಂದು ವಿಡಿಯೊ ಬಗ್ಗೆ ಹೇಳಿದರು. ಬೈಕ್ ಅಪಘಾತದಲ್ಲಿ ಕೈಕಾಲು ಸ್ವಾಧೀನ ಕಳೆದುಕೊಂಡಿದ್ದ ಯುವಕನೊಬ್ಬ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಪ್ರಯೋಗದಲ್ಲಿ ಭಾಗವಹಿಸಿದ್ದ. ಅವನ ಮಿದುಳಿನ ಮೇಲ್ಮೈಯಲ್ಲಿ ಎಲೆಕ್ಟ್ರೋಡ್‌ಗಳ ತೆಳು ಹಾಳೆಯೊಂದನ್ನು ಸ್ವಲ್ಪ ದಿನದ ಮಟ್ಟಿಗೆ ಇಟ್ಟಿದ್ದರು. ಅದರ ಸಹಾಯದಿಂದ ಅವನು ರೋಬೋಟ್ ಕೈ ಚಾಚಿ ತನ್ನ ಗೆಳತಿಯ ಅಂಗೈ ಮುಟ್ಟಿದ. ವಿಡಿಯೊ ನೋಡಿದ ಜ್ಯಾನ್ ತಾವೇ ಸಂಶೋಧಕರನ್ನು ಸಂಪರ್ಕಿಸಿದರು.

ಪ್ರಯೋಗದಿಂದ ತಮ್ಮ ಕಾಯಿಲೆ ವಾಸಿಯಾಗುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ತಲೆಬುರುಡೆ ತೆರೆಯುವ ಶಸ್ತ್ರಚಿಕಿತ್ಸೆ ಅದು, ಸೋಂಕು ಮತ್ತು ರಕ್ತಸ್ರಾವದ ಭಯ ಇದ್ದೇ ಇತ್ತು. ಆದರೂ ಒಪ್ಪಿದರು. ತೆಗೆದುಕೊಂಡ ಅಪಾಯವೆಲ್ಲ ಅವರದು, ಬರುವ ಲಾಭದಲ್ಲಿ ಹೆಚ್ಚಿನದು ಮುಂದಿನವರದು. ಹಾಗಾಗಿ ಇವರನ್ನು "ರೋಗಿ" ಅನ್ನುವುದಕ್ಕಿಂತ ಸಂಶೋಧನಾ ತಂಡದ ಒಬ್ಬ ಸದಸ್ಯೆ ಅನ್ನುವುದೇ ನ್ಯಾಯ ಅಂತ ನನ್ನ ಅಭಿಪ್ರಾಯ.

ಶಸ್ತ್ರಚಿಕಿತ್ಸೆ

ಮೊದಲು ಎಂಆರ್‌ಐ ಯಂತ್ರದಲ್ಲಿ ಮಲಗಿಸಿ, ಕೈ ಆಡಿಸುತ್ತಿದ್ದೇನೆ ಎಂದು ಕಲ್ಪಿಸಿಕೊಳ್ಳಲು ಹೇಳಿದರು. ಆಗ ಮಿದುಳಿನ ಯಾವ ಜಾಗ ಚುರುಕಾಗುತ್ತದೆ ಎಂದು ಗುರುತಿಸಿಕೊಂಡರು. 2012ರ ಫೆಬ್ರವರಿ 10ರಂದು ನರ ಶಸ್ತ್ರವೈದ್ಯೆ ಎಲಿಜಬೆತ್ ಟೈಲರ್-ಕಬಾರಾ ಎಡಗಡೆಯ ಮೋಟಾರ್ ಕಾರ್ಟೆಕ್ಸ್‌ನಲ್ಲಿ, ಅಂದರೆ ಚಲನೆಯ ಆಜ್ಞೆ ಹೊರಡುವ ಮಿದುಳಿನ ಮೇಲ್ಪದರದಲ್ಲಿ, ಎರಡು ಎಲೆಕ್ಟ್ರೋಡ್ ಬಿಲ್ಲೆಗಳನ್ನು ಕೂರಿಸಿದರು. ಮಿದುಳಿನ ಎಡಭಾಗ ಬಲಗೈಯನ್ನು ಆಳುತ್ತದೆ.

ಒಂದೊಂದು ಬಿಲ್ಲೆ 4 ಮಿಲಿಮೀಟರ್ ಉದ್ದ, ಅಷ್ಟೇ ಅಗಲ. ಅದರ ಮೇಲೆ 1.5 ಮಿಲಿಮೀಟರ್ ಉದ್ದದ ಸೂಜಿಗಳ ಸಾಲು. ಒಂದರಿಂದ 96 ವಾಹಿನಿಗಳ ಸಂಕೇತ ಸಿಗುತ್ತದೆ, ಎರಡರಿಂದ ಒಟ್ಟು 192. ಇದಕ್ಕೆ ಯೂಟಾ ಅರೇ ಎಂದು ಹೆಸರು, ರೂಪುಗೊಂಡಿದ್ದು ಯೂಟಾ ವಿಶ್ವವಿದ್ಯಾಲಯದಲ್ಲಿ. ಬಿಲ್ಲೆಗಳಿಂದ ಹೊರಟ ಸಣ್ಣ ತಂತಿಗಳು ತಲೆಬುರುಡೆಗೆ ಸ್ಕ್ರೂ ಹಾಕಿ ಕೂರಿಸಿದ ಎರಡು ಲೋಹದ ಗೂಟಗಳಿಗೆ ಬಂದು ಸೇರುತ್ತವೆ. ಗೂಟಗಳು ಚರ್ಮ ದಾಟಿ ಹೊರಗೆ ಕಾಣುತ್ತವೆ. ಜ್ಯಾನ್ ಆ ಗೂಟಗಳಿಗೆ ಲೂಯಿಸ್ ಮತ್ತು ಕ್ಲಾರ್ಕ್ ಎಂದು ಹೆಸರಿಟ್ಟರು. ಅಮೆರಿಕದ ಪಶ್ಚಿಮ ಭಾಗವನ್ನು ಮೊದಲು ಅಳೆಯುತ್ತಾ ಹೋದ ಇಬ್ಬರು ಅನ್ವೇಷಕರ ಹೆಸರುಗಳಿವು. ರೋಬೋಟ್ ಕೈಗೆ ಹೆಕ್ಟರ್ ಎಂದು ಹೆಸರಾಯಿತು.

ಶಸ್ತ್ರಚಿಕಿತ್ಸೆಯಾಗಿ ಎರಡೇ ದಿನಕ್ಕೆ ತಂತಿ ಜೋಡಿಸಿ ನೋಡಿದರು. ಜ್ಯಾನ್ ತಮ್ಮ ಮುಷ್ಟಿ ಬಿಗಿಯುವುದನ್ನು ಯೋಚಿಸಿದಾಗ ಪರದೆಯ ಮೇಲೆ ನರಕೋಶಗಳು ಮಿಡಿಯತೊಡಗಿದವು, ಅಂದರೆ ಅವುಗಳ ವಿದ್ಯುತ್ ಸಂಕೇತ ಕಾಣತೊಡಗಿತು. ಯೋಚನೆ ನಿಲ್ಲಿಸಿದರೆ ಮಿಡಿತವೂ ನಿಲ್ಲುತ್ತಿತ್ತು. ಎಷ್ಟೋ ವರ್ಷದಿಂದ ಒಂದು ಬೆರಳೂ ಆಡದ ದೇಹದಲ್ಲಿ ಕೈಯ ಆಜ್ಞೆ ಇನ್ನೂ ಜೀವಂತವಾಗಿತ್ತು! ಮುಂದೆ ಬಂದ ಎಲ್ಲ ಅಂಕಿಅಂಶಗಳಿಗಿಂತ ಈ ಒಂದು ಕ್ಷಣವೇ ನನಗೆ ದೊಡ್ಡದಾಗಿ ಕಾಣುತ್ತದೆ.

ಮಿಡಿತದಿಂದ ಚಲನೆಗೆ

ಇಲ್ಲಿ ಸ್ವಲ್ಪ ನಿಂತು ನೋಡಬೇಕು. "ಯೋಚನೆ ಓದುವ ಯಂತ್ರ" ಎಂದು ಬರೆಯುವವರು ಬಹಳ ಜನ. ಜ್ಯಾನ್ ಏನು ಯೋಚಿಸುತ್ತಿದ್ದರು ಎಂದು ಆ ಕಂಪ್ಯೂಟರಿಗೆ ಗೊತ್ತಿರಲಿಲ್ಲ. ಅದಕ್ಕೆ ಕಾಣುತ್ತಿದ್ದದ್ದು ಸೂಜಿಗಳ ತುದಿಯ ಹತ್ತಿರ ಇರುವ ನರಕೋಶಗಳು ಸೆಕೆಂಡಿಗೆ ಎಷ್ಟು ಸಲ ಮಿಡಿದವು ಎಂಬ ಲೆಕ್ಕ ಮಾತ್ರ.

ಆ ಲೆಕ್ಕದಲ್ಲಿ ಚಲನೆ ಎಲ್ಲಿದೆ? ಇದರ ಉತ್ತರ 1980ರ ದಶಕದಲ್ಲಿ ನರವಿಜ್ಞಾನಿ ಅಪೊಸ್ಟೊಲೊಸ್ ಜಾರ್ಜೊಪೌಲೋಸ್ ಅವರ ಕೆಲಸದಿಂದ ಬಂತು. ಕೋತಿಗಳು ಕೈ ಚಾಚುವಾಗ ಮೋಟಾರ್ ಕಾರ್ಟೆಕ್ಸ್‌ನ ಪ್ರತಿ ನರಕೋಶಕ್ಕೂ ತನ್ನದೇ ಒಂದು ಇಷ್ಟದ ದಿಕ್ಕು ಇರುತ್ತದೆ ಎಂದು ಅವರು ಕಂಡರು. ಕೈ ಆ ದಿಕ್ಕಿಗೆ ಹೋಗುವಾಗ ಅದು ಜೋರಾಗಿ ಮಿಡಿಯುತ್ತದೆ, ದಿಕ್ಕು ಓರೆಯಾದಷ್ಟೂ ಮಿಡಿತ ಇಳಿಯುತ್ತದೆ. ಒಂದೇ ನರಕೋಶವನ್ನು ನಂಬಿದರೆ ಏನೂ ತಿಳಿಯುವುದಿಲ್ಲ. ಎಲ್ಲವನ್ನೂ ಕೂಡಿಸಿದರೆ ದಿಕ್ಕು ಹೊರಬೀಳುತ್ತದೆ. ತೇರು ಎಳೆಯುವಾಗ ಹಗ್ಗ ಹಿಡಿದ ಒಬ್ಬೊಬ್ಬರು ಒಂದಿಷ್ಟು ಆಚೀಚೆ ಎಳೆದರೂ ತೇರು ಒಂದೇ ಕಡೆ ಸಾಗುತ್ತದಲ್ಲ, ಹಾಗೆ. 1986ರಲ್ಲಿ ಈ ಲೆಕ್ಕವನ್ನು ಪ್ರಕಟಿಸಿದ ಮೂವರಲ್ಲಿ ಆಂಡ್ರೂ ಶ್ವಾರ್ಟ್ಸ್ ಕೂಡ ಒಬ್ಬರು. ಅದೇ ಶ್ವಾರ್ಟ್ಸ್ ಮುಂದೆ ಪಿಟ್ಸ್‌ಬರ್ಗ್‌ಗೆ ಬಂದು, 2008ರಲ್ಲಿ ಕೋತಿಯೊಂದು ಮಿದುಳಿನ ಸಂಕೇತದಿಂದಲೇ ರೋಬೋಟ್ ತೋಳು ನಡೆಸಿ ಹಣ್ಣು ತಿನ್ನುವುದನ್ನು ತೋರಿಸಿದರು. ಜ್ಯಾನ್ ಅವರ ತಂಡದ ಹಿರಿಯರಲ್ಲಿ ಅವರೂ ಇದ್ದರು. ಜೊತೆಗೆ ಜೆನಿಫರ್ ಕಾಲಿಂಜರ್, ಮೈಕೇಲ್ ಬೋನಿಂಜರ್ ಮೊದಲಾದವರು.

ಹಾಗಾದರೆ ಜ್ಯಾನ್ ಅವರ ಯಾವ ನರಕೋಶಕ್ಕೆ ಯಾವ ದಿಕ್ಕು ಇಷ್ಟ ಎಂದು ತಿಳಿಯುವುದು ಹೇಗೆ? ಅವರ ಕೈ ಆಡುವುದೇ ಇಲ್ಲವಲ್ಲ. ಅದಕ್ಕೆ ಒಂದು ಉಪಾಯ ಇತ್ತು. ಮೊದಲ ಹಂತದಲ್ಲಿ ಕಂಪ್ಯೂಟರೇ ರೋಬೋಟ್ ಕೈಯನ್ನು ಆಡಿಸುತ್ತದೆ. ಅದನ್ನು ನೋಡುತ್ತಾ, ತಾನೇ ಆಡಿಸುತ್ತಿದ್ದೇನೆ ಎಂದು ಜ್ಯಾನ್ ಮನಸ್ಸಿಟ್ಟು ಪ್ರಯತ್ನಿಸುತ್ತಾರೆ. ಆಗಿನ ಮಿಡಿತಗಳನ್ನೂ ಕೈಯ ಚಲನೆಯನ್ನೂ ಹೊಂದಿಸಿ ಮೊದಲ ಸೂತ್ರ ತಯಾರಾಗುತ್ತದೆ. ಎರಡನೇ ಹಂತದಲ್ಲಿ ಚುಕ್ಕಾಣಿ ಅವರಿಗೆ. ಆದರೆ ಗುರಿಯಿಂದ ಆಚೆ ಹೋಗುವ ಚಲನೆಯನ್ನು ಕಂಪ್ಯೂಟರ್ ಒಂದಿಷ್ಟು ತಡೆಯುತ್ತದೆ. ಹೊಸ ಮಿಡಿತಗಳಿಂದ ಸೂತ್ರವನ್ನು ಇನ್ನೊಮ್ಮೆ ತಿದ್ದುತ್ತಾರೆ. ದಿನ ಕಳೆದಂತೆ ಈ ಸಹಾಯ ಕಡಿಮೆಯಾಗುತ್ತಾ ಬಂದು ಕೊನೆಗೆ ಪೂರ್ತಿ ನಿಲ್ಲುತ್ತದೆ. ಅಂದರೆ ಕಲಿಕೆ ಎರಡೂ ಕಡೆ ನಡೆಯುತ್ತದೆ. ಕಂಪ್ಯೂಟರ್ ಜ್ಯಾನ್ ಅವರನ್ನು ಕಲಿಯುತ್ತದೆ, ಜ್ಯಾನ್ ಹೆಕ್ಟರ್‌ನನ್ನು ಕಲಿಯುತ್ತಾರೆ.

13 ವಾರ

ತರಬೇತಿಯ ಎರಡನೇ ದಿನವೇ ಜ್ಯಾನ್ ಹೆಕ್ಟರ್‌ನನ್ನು ಮೇಲೆ ಕೆಳಗೆ, ಎಡ ಬಲ, ಹಿಂದೆ ಮುಂದೆ ಸರಾಗವಾಗಿ ಆಡಿಸಿದರು. ಮೊದಲ ವಾರದಲ್ಲೇ ಸಂಶೋಧಕರ ಅಂಗೈಗೆ ಅಂಗೈ ತಟ್ಟಿದರು. ಒಂದು ತಿಂಗಳು ಹಿಡಿಯಬಹುದು ಎಂದುಕೊಂಡಿದ್ದ ಕೆಲಸ ಅದು. ಆಮೇಲೆ ಮಣಿಕಟ್ಟಿನ ಮೂರು ಬಗೆಯ ತಿರುವುಗಳು ಸೇರಿದವು. ಕೊನೆಗೆ ಹಿಡಿತ. ಹೀಗೆ ಏಳು ಬಗೆಯ ಚಲನೆ ಒಟ್ಟಿಗೆ. 13 ವಾರದ ಹೊತ್ತಿಗೆ ಅದು ದಿನನಿತ್ಯದ ಮಾತಾಯಿತು.

ಶುರುವಿನಲ್ಲಿ ಮೇಲೆ ಹೋಗು, ಈಗ ತಿರುಗು ಎಂದು ಬಿಡಿಬಿಡಿಯಾಗಿ ಯೋಚಿಸಬೇಕಿತ್ತು, ಆಮೇಲೆ ಗುರಿಯ ಕಡೆ ನೋಡಿದರೆ ಸಾಕು, ಕೈ ಹೊರಡುತ್ತಿತ್ತು ಎಂದು ಜ್ಯಾನ್ ಹೇಳಿದ್ದಾರೆ. ಸೈಕಲ್ ಕಲಿತವರಿಗೆಲ್ಲ ಇದು ಅರ್ಥವಾಗುತ್ತದೆ.

2012ರ ಡಿಸೆಂಬರ್‌ನಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಗುರಿ ಮುಟ್ಟುವ ಪರೀಕ್ಷೆಗಳಲ್ಲಿ ಸರಾಸರಿ ಯಶಸ್ಸು ಶೇ. 91.6. ಸುಮ್ನೆ ಅದೃಷ್ಟದ ಮೇಲೆ ಬಿಟ್ಟಿದ್ದರೆ ಶೇ. 6ರ ಆಸುಪಾಸು ಇರುತ್ತಿತ್ತು. ಪರೀಕ್ಷೆ ಮುಗಿಸಲು ಮೊದಲು ಸರಾಸರಿ 148 ಸೆಕೆಂಡ್ ಬೇಕಾಗುತ್ತಿತ್ತು, ಕೊನೆಗೆ 112 ಸೆಕೆಂಡಿಗೆ ಇಳಿಯಿತು. ತೊಂದರೆ ಏನೂ ಆಗಲಿಲ್ಲ ಎಂದೂ ವರದಿ ಹೇಳಿತು.

ಪತ್ರಿಕೆಗಳು 91.6 ಅನ್ನು ದೊಡ್ಡ ಅಕ್ಷರದಲ್ಲಿ ಹಾಕಿದವು. ನಾನು ಅದೇ ವರದಿಯ ಇನ್ನೊಂದು ಅಂಕಿಯ ಕಡೆ ಕೈ ತೋರಿಸುತ್ತೇನೆ. ಕೈ ಹೋದ ದಾರಿ ಎಷ್ಟು ನೇರ ಎಂಬ ಅಳತೆ ಅದು. ನೆಟ್ಟಗೆ ಗುರಿಗೆ ಹೋದರೆ 1. ಜ್ಯಾನ್ ಅವರದು 0.30ರಿಂದ 0.38ಕ್ಕೆ ಏರಿತು. ಸುಧಾರಣೆ ನಿಜ, ಆದರೆ ಕೈ ಇನ್ನೂ ಸುತ್ತುಬಳಸು ದಾರಿಯಲ್ಲೇ ಸಾಗುತ್ತಿತ್ತು. ಆರೋಗ್ಯವಂತ ಕೈಯ ವೇಗ, ನಯ ಇದಕ್ಕೆ ಬಂದಿರಲಿಲ್ಲ. ಇದನ್ನು ಹೇಳಿದರೆ ಸಾಧನೆ ಸಣ್ಣದಾಗುವುದಿಲ್ಲ. ಮುಂದಿನ ಕೆಲಸ ಎಲ್ಲಿದೆ ಎಂದು ಗೊತ್ತಾಗುತ್ತದೆ ಅಷ್ಟೆ.

ಇನ್ನು ಚಾಕೊಲೇಟ್ ವಿಷಯ. ನಿಮಗೆ ಏನು ಮಾಡಬೇಕು ಅಂತ ಆಸೆ ಎಂದು ತಂಡ ಕೇಳಿತ್ತು. ಚಾಕೊಲೇಟನ್ನು ನನ್ನ ಕೈಯಾರೆ ತಿನ್ನಬೇಕು ಅಂದಿದ್ದರು ಜ್ಯಾನ್. ಕೈ ಚಾಚಿ, ಹಿಡಿದು, ಮಣಿಕಟ್ಟು ತಿರುಗಿಸಿ, ಬಾಯಿಯ ಹತ್ತಿರ ತಂದು, ಸರಿಯಾದ ದೂರದಲ್ಲಿ ನಿಲ್ಲಿಸಬೇಕು. ಏಳೂ ಚಲನೆ ಬೇಕು. ಪರೀಕ್ಷೆಯ ಮೇಜಿನ ಮೇಲಿನ ಮರದ ತುಂಡುಗಳಿಗಿಂತ ಈ ಪರೀಕ್ಷೆ ಒಳ್ಳೆಯದು ಅಂತ ನನಗನ್ನಿಸುತ್ತದೆ. ಕೈ ಬೇಕಾಗಿರುವುದು ಇಂಥದ್ದಕ್ಕೇ ಅಲ್ವಾ?

ಇದು ಮೊದಲ ಪ್ರಯತ್ನ ಆಗಿರಲಿಲ್ಲ ಎಂಬುದನ್ನೂ ಹೇಳಬೇಕು. 2004ರಲ್ಲಿ ಬ್ರೈನ್‌ಗೇಟ್ ಎಂಬ ಪ್ರಯೋಗದಲ್ಲಿ ಮ್ಯಾಥ್ಯೂ ನೇಗಲ್ ಎಂಬ ಯುವಕ ಇಂಥದೇ ಬಿಲ್ಲೆಯಿಂದ ಕಂಪ್ಯೂಟರ್ ಪರದೆಯ ಬಾಣವನ್ನು ಆಡಿಸಿದ್ದ. ಜ್ಯಾನ್ ಅವರ ಫಲಿತಾಂಶ ಬರುವ ಕೆಲವೇ ತಿಂಗಳ ಮೊದಲು, 2012ರ ಮೇ ತಿಂಗಳಲ್ಲಿ, ಅದೇ ಬ್ರೈನ್‌ಗೇಟ್ ತಂಡ ಕ್ಯಾಥಿ ಹಚಿನ್ಸನ್ ಎಂಬ ಮಹಿಳೆಯ ಪ್ರಯೋಗದ ವಿವರ ಪ್ರಕಟಿಸಿತ್ತು. ಅದಕ್ಕೂ ಸುಮಾರು 15 ವರ್ಷ ಹಿಂದೆ ಮಿದುಳಿನ ಕಾಂಡದಲ್ಲಿ ಸ್ಟ್ರೋಕ್ ಆಗಿ ಮಾತೂ ನಿಂತಿದ್ದ ಅವರು, ರೋಬೋಟ್ ತೋಳಿನಿಂದ ಬಾಟಲಿ ಎತ್ತಿ ಸ್ಟ್ರಾದಲ್ಲಿ ಕಾಫಿ ಕುಡಿದರು. ಜ್ಯಾನ್ ಪ್ರಕರಣದ ಹೊಸತನ ಮಣಿಕಟ್ಟು ಮತ್ತು ಹಿಡಿತ ಸೇರಿದ ಏಳು ಚಲನೆಗಳ ಸಹಜ ಹೊಂದಾಣಿಕೆಯಲ್ಲಿದೆ.

ವಸ್ತು ಎದುರಿಗಿದ್ದರೆ

ಮುಂದಿನ ಹಂತ ಬೆರಳುಗಳದು. ಬರೀ ಮುಷ್ಟಿ ತೆರೆದು ಮುಚ್ಚುವುದರ ಬದಲು ನಾಲ್ಕು ಬಗೆಯ ಹಸ್ತಮುದ್ರೆ ಬೇಕೆಂದು ತಂಡ ಹೊರಟಿತು. ಬೆರಳುಗಳನ್ನು ಅಗಲಿಸುವುದು, ಬೊಗಸೆಯಂತೆ ಬಾಗಿಸುವುದು, ಚಿವುಟಿ ಹಿಡಿಯುವುದು, ಹೆಬ್ಬೆರಳು ಚಾಚುವುದು. ಒಟ್ಟು ಹತ್ತು ಚಲನೆ. ಇದರ ವರದಿ 2014ರ ಡಿಸೆಂಬರ್‌ನಲ್ಲಿ ಬಂತು.

ಈ ಹಂತದಲ್ಲಿ ತಂಡಕ್ಕೆ ಒಂದು ಅಚ್ಚರಿ ಕಾದಿತ್ತು. ಖಾಲಿ ಗಾಳಿಯಲ್ಲಿ ಕೈ ಚೆನ್ನಾಗಿ ಆಡುತ್ತಿತ್ತು, ಮುಷ್ಟಿಯೂ ಬಿಗಿಯುತ್ತಿತ್ತು. ಅದೇ ಎದುರಿಗೆ ಒಂದು ವಸ್ತು ಇಟ್ಟರೆ ಹಿಡಿಯುವುದು ಕಷ್ಟವಾಗುತ್ತಿತ್ತು. ಕಾರಣ ಮಿದುಳಿನ ಸಹಜ ಗುಣದಲ್ಲೇ ಇತ್ತು. ಕಣ್ಣೆದುರು ವಸ್ತು ಇದ್ದಾಗ ಅದೇ ನರಕೋಶಗಳ ಮಿಡಿತದ ಚಹರೆಯೇ ಬದಲಾಗುತ್ತದೆ. ಖಾಲಿ ಜಾಗದಲ್ಲಿ ಕಲಿತ ಸೂತ್ರ ಆ ಹೊಸ ಮಿಡಿತವನ್ನು ತಪ್ಪಾಗಿ ಓದುತ್ತಿತ್ತು. ಪರಿಹಾರವೂ ಅಲ್ಲಿಂದಲೇ ಬಂತು. ತರಬೇತಿಯ ಹೊತ್ತಿನಲ್ಲೇ ಪರದೆಯ ಮೇಲೆ ವಸ್ತುಗಳನ್ನು ತೋರಿಸಿ, ಅವನ್ನು ಹಿಡಿಯುವ ಕಲ್ಪನೆ ಮಾಡಿಸಿ ಸೂತ್ರ ಕಟ್ಟಿದರು. ಆಗ ಹಿಡಿತ ಕೂಡಿಬಂತು.

ತಾಂತ್ರಿಕ ತೊಡಕು ಎಂದು ಹೇಳಿ ದಾಟಿಹೋಗುವ ವಿಷಯ ಇದಲ್ಲ. ಲೋಟ ಎತ್ತುವ ಕೈ ಬೇರೆ, ಲೋಟವೇ ಇಲ್ಲದೆ ಅದೇ ದಾರಿಯಲ್ಲಿ ಸಾಗುವ ಕೈ ಬೇರೆ ಎಂದು ಮಿದುಳು ಎಣಿಸುತ್ತದೆ. ಮೋಟಾರ್ ಕಾರ್ಟೆಕ್ಸ್ ಅಂದರೆ ಬರೀ ದಿಕ್ಕು ಹೇಳುವ ಜಾಗ ಎಂಬ ನಂಬಿಕೆಗೆ ಇಲ್ಲಿ ಪೆಟ್ಟು ಬಿತ್ತು. ಕೋತಿಯನ್ನು ಕೇಳಿದರೆ ಅದು ಉತ್ತರ ಹೇಳುವುದಿಲ್ಲ. ಜ್ಯಾನ್ ಮಾತಾಡಬಲ್ಲವರಾಗಿದ್ದರು. ಏನು ಪ್ರಯತ್ನಿಸಿದೆ, ಎಲ್ಲಿ ತಪ್ಪಿತು ಎಂದು ವಿವರಿಸಬಲ್ಲವರಾಗಿದ್ದರು. ಸಂಶೋಧನೆಗೆ ಅದರಿಂದ ಸಿಕ್ಕ ಲಾಭ ಅಳತೆಗೆ ಸಿಗುವಂಥದ್ದಲ್ಲ.

ಇನ್ನೊಂದು ದಾರಿಯನ್ನೂ ಪಿಟ್ಸ್‌ಬರ್ಗ್ ತಂಡ ಪ್ರಯತ್ನಿಸಿತು. ಕ್ಯಾಮೆರಾ ವಸ್ತುವನ್ನು ಗುರುತಿಸುತ್ತದೆ. ಕೈಯನ್ನು ಹತ್ತಿರ ತರುವುದು ಮನುಷ್ಯರ ಕೆಲಸ, ಕೊನೆಯ ಗಳಿಗೆಯಲ್ಲಿ ಬೆರಳು ಹೊಂದಿಸುವುದಕ್ಕೆ ಕಂಪ್ಯೂಟರ್ ನೆರವು. 2016ರಲ್ಲಿ ಪ್ರಕಟವಾದ ಈ ಕೆಲಸದಲ್ಲಿ ಹಿಡಿತ ಸುಲಭವಾಗಿದ್ದು ಕಂಡುಬಂತು. ಕೆಲವರಿಗೆ ಇದು ಮೋಸ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ನಮ್ಮ ಕೈಯೂ ಎಲ್ಲವನ್ನೂ ಮಿದುಳಿನ ಮೇಲ್ಪದರದಿಂದ ಕೇಳುವುದಿಲ್ಲ, ಬೆನ್ನುಹುರಿಯೇ ಎಷ್ಟೋ ಸಣ್ಣಪುಟ್ಟ ತೀರ್ಮಾನ ಮಾಡಿಬಿಡುತ್ತದೆ.

ವಿಮಾನ

ಈ ಸಂಶೋಧನೆಗೆ ದೊಡ್ಡ ಪ್ರಮಾಣದಲ್ಲಿ ಹಣ ಕೊಟ್ಟಿದ್ದು ಅಮೆರಿಕದ ರಕ್ಷಣಾ ಇಲಾಖೆಯ ಡಾರ್ಪಾ ಸಂಸ್ಥೆ. ಹೆಕ್ಟರ್ ತಯಾರಾಗಿದ್ದು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಅಪ್ಲೈಡ್ ಫಿಸಿಕ್ಸ್ ಲ್ಯಾಬೊರೇಟರಿಯಲ್ಲಿ, 2006ರಲ್ಲಿ ಶುರುವಾದ ಡಾರ್ಪಾ ಯೋಜನೆಯಡಿ. ಯುದ್ಧದಲ್ಲಿ ಕೈ ಕಳೆದುಕೊಂಡ ಸೈನಿಕರಿಗಾಗಿ ಹುಟ್ಟಿದ ಯೋಜನೆ ಅದು. ಅದಕ್ಕೆ ಖರ್ಚಾಗಿದ್ದು 10 ಕೋಟಿ ಡಾಲರಿಗೂ ಹೆಚ್ಚು.

2015ರಲ್ಲಿ ಆಗಿನ ಡಾರ್ಪಾ ನಿರ್ದೇಶಕಿ ಆರತಿ ಪ್ರಭಾಕರ್ ಒಂದು ಸಭೆಯಲ್ಲಿ ಇನ್ನೊಂದು ಸಂಗತಿ ತಿಳಿಸಿದರು. ಜ್ಯಾನ್ ತಮ್ಮ ಮಿದುಳಿನ ಸಂಕೇತದಿಂದಲೇ ಸಿಮ್ಯುಲೇಟರ್‌ನಲ್ಲಿ (ಕಂಪ್ಯೂಟರಿನ ಅಣಕು ಹಾರಾಟದಲ್ಲಿ) ಎಫ್-35 ಯುದ್ಧವಿಮಾನ ಹಾರಿಸಿದ್ದರು. ವಿಮಾನ ಹಾರಿಸಿ ಅಭ್ಯಾಸವೇ ಇಲ್ಲದವರು ಅವರು. ಜಾಯ್‌ಸ್ಟಿಕ್ ಹಿಡಿದಂತೆ ಯೋಚಿಸುವ ಬದಲು ನೇರವಾಗಿ ವಿಮಾನವನ್ನೇ ನಡೆಸುವಂತೆ ಯೋಚಿಸಿದರು.

ಈ ಸುದ್ದಿ ಓದಿದವರಿಗೆ ಎರಡು ಭಾವನೆ ಒಟ್ಟಿಗೆ ಬರುತ್ತವೆ. ಗಾಲಿಕುರ್ಚಿಯಿಂದ ಎದ್ದು ಆಕಾಶದಲ್ಲಿ ಹಾರಿದ ಅನುಭವ ಅವರಿಗೆ ಎಷ್ಟು ಖುಷಿ ಕೊಟ್ಟಿರಬೇಕು! ಇನ್ನೊಂದು ಕಡೆ, ಊಟ ಮಾಡಲು ಕೈ ಕೊಡುವ ತಂತ್ರವೇ ಯುದ್ಧಯಂತ್ರವನ್ನೂ ನಡೆಸಬಲ್ಲದು ಎಂಬ ಕಳವಳ. ದುಡ್ಡು ಎಲ್ಲಿಂದ ಬರುತ್ತದೆ ಎನ್ನುವುದು ಸಂಶೋಧನೆ ಎತ್ತ ಹೋಗುತ್ತದೆ ಎನ್ನುವುದನ್ನು ಸ್ವಲ್ಪಮಟ್ಟಿಗಾದರೂ ನಿರ್ಧರಿಸುತ್ತದೆ. ವೈದ್ಯಕೀಯ ಇಲಾಖೆಗಳೂ ಇದಕ್ಕೆ ಅಷ್ಟೇ ಹಣ ಹಾಕಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮನೆಗೆ ಬಾರದ ಕೈ

2014ರ ಅಕ್ಟೋಬರ್‌ನಲ್ಲಿ ಜ್ಯಾನ್ ಅವರಿಗೆ ಮತ್ತೊಂದು ಶಸ್ತ್ರಚಿಕಿತ್ಸೆ ಆಯಿತು, ಬಿಲ್ಲೆಗಳನ್ನು ಹೊರತೆಗೆದರು. ಗೂಟಗಳ ಸುತ್ತ ಚರ್ಮ ಹಿಂದೆ ಸರಿಯುತ್ತಿತ್ತು. ಚರ್ಮ ತೆರೆದಿದ್ದರೆ ಸೋಂಕು ಮಿದುಳಿನ ತನಕ ಹೋಗುವ ಅಪಾಯ ಇರುತ್ತದೆ. ಎಷ್ಟೇ ಚೆನ್ನಾಗಿ ಸಂಕೇತ ಬರುತ್ತಿದ್ದರೂ ಆ ಅಪಾಯದ ಜೊತೆ ವರ್ಷಗಟ್ಟಲೆ ಬದುಕುವಂತೆ ಯಾರಿಗೂ ಹೇಳಲಾಗದು.

ಚರ್ಮದ ತೊಂದರೆ ಇಲ್ಲದಿದ್ದರೂ ಹೆಕ್ಟರ್ ಮನೆಗೆ ಹೋಗುತ್ತಿತ್ತೇ? ಕಷ್ಟವಿತ್ತು. ಗೂಟಕ್ಕೆ ದಪ್ಪ ಕೇಬಲ್ ಜೋಡಿಸಬೇಕು. ಆ ಕೇಬಲ್ ದೊಡ್ಡ ಉಪಕರಣಗಳಿಗೆ ಹೋಗುತ್ತದೆ. ಅದನ್ನು ನಡೆಸಲು ತಂತ್ರಜ್ಞರು ಬೇಕು. ಪ್ರತಿ ದಿನ ಮೊದಲು ಸೂತ್ರವನ್ನು ಹೊಸದಾಗಿ ಹೊಂದಿಸಿಕೊಳ್ಳಬೇಕು. ನಿನ್ನೆ ಸೂಜಿಗೆ ಸಿಕ್ಕ ನರಕೋಶ ಇಂದು ಸಿಗುವ ಖಾತ್ರಿ ಇಲ್ಲ. ಮಿದುಳು ಉಸಿರಾಟದ ಜೊತೆ, ರಕ್ತದ ಬಡಿತದ ಜೊತೆ ತುಸು ತುಸು ಅಲುಗುತ್ತಿರುತ್ತದೆ. ಸೂಜಿಗಳ ಸುತ್ತ ಗಾಯದ ಕಲೆಯಂಥ ಅಂಗಾಂಶ ಬೆಳೆಯುತ್ತದೆ. ವರ್ಷ ಕಳೆದಂತೆ ಸಿಗುವ ಸಂಕೇತ ಕಡಿಮೆಯಾಗುತ್ತಾ ಹೋಗುತ್ತದೆ.

ಇನ್ನೊಂದು ಕೊರತೆ ಸ್ಪರ್ಶ. ಹೆಕ್ಟರ್ ಏನನ್ನಾದರೂ ಮುಟ್ಟಿದರೆ ಜ್ಯಾನ್ ಅವರಿಗೆ ಅದು ಕಣ್ಣಿನಿಂದಷ್ಟೇ ತಿಳಿಯುತ್ತಿತ್ತು. ಕತ್ತಲಲ್ಲಿ ಸ್ವಿಚ್ ಹುಡುಕುವಾಗ, ಚೀಲದೊಳಗೆ ಕೈ ಹಾಕಿ ಬೀಗದಕೈ ತೆಗೆಯುವಾಗ ನಾವು ಕಣ್ಣನ್ನು ಬಳಸುವುದೇ ಇಲ್ಲ. ಬಿಗಿ ಎಷ್ಟು, ಜಾರುತ್ತಿದೆಯೇ, ಬಿಸಿಯೇ, ಇದೆಲ್ಲ ಬೆರಳೇ ಹೇಳುತ್ತದೆ. ಆ ಮಾಹಿತಿ ಇಲ್ಲದ ಕೈ ಅರ್ಧ ಕೈ.

ಅವರ ನಂತರ

ಈ ಅರ್ಧವನ್ನು ತುಂಬುವ ಕೆಲಸ ಅದೇ ಪಿಟ್ಸ್‌ಬರ್ಗ್‌ನಲ್ಲಿ ಮುಂದುವರಿಯಿತು. ನೇಥನ್ ಕೋಪ್ಲಂಡ್ 2004ರಲ್ಲಿ, 18ನೇ ವಯಸ್ಸಿನಲ್ಲಿ, ಕಾರು ಅಪಘಾತದಿಂದ ಬೆನ್ನುಹುರಿಗೆ ಪೆಟ್ಟಾಗಿ ಸ್ವಾಧೀನ ಕಳೆದುಕೊಂಡವರು. 2015ರಲ್ಲಿ ಅವರಿಗೆ ನಾಲ್ಕು ಬಿಲ್ಲೆ ಹಾಕಿದರು. ಎರಡು ಚಲನೆಯ ಜಾಗದಲ್ಲಿ, ಎರಡು ಸ್ಪರ್ಶದ ಜಾಗದಲ್ಲಿ. ರೋಬೋಟ್ ಬೆರಳಿಗೆ ಒತ್ತಡ ಬಿದ್ದಾಗ ಸ್ಪರ್ಶದ ಜಾಗಕ್ಕೆ ಸಣ್ಣ ವಿದ್ಯುತ್ ಮಿಡಿತ ಹೋಗುತ್ತದೆ, ಕೋಪ್ಲಂಡ್‌ಗೆ ತಮ್ಮದೇ ಬೆರಳನ್ನು ಯಾರೋ ಒತ್ತಿದಂತೆ ಅನಿಸುತ್ತದೆ. 2016ರ ಅಕ್ಟೋಬರ್‌ನಲ್ಲಿ ಪಿಟ್ಸ್‌ಬರ್ಗ್‌ಗೆ ಬಂದಿದ್ದ ಆಗಿನ ಅಧ್ಯಕ್ಷ ಬರಾಕ್ ಒಬಾಮ ಅವರ ಮುಷ್ಟಿಗೆ ಅವರು ರೋಬೋಟ್ ಮುಷ್ಟಿ ತಾಗಿಸಿದರು.

ಸ್ಪರ್ಶ ಬಂದರೆ ಏನು ಲಾಭ ಎಂಬುದಕ್ಕೆ 2021ರ ಸೈನ್ಸ್ ಪತ್ರಿಕೆಯ ವರದಿಯಲ್ಲಿ ಸ್ಪಷ್ಟ ಉತ್ತರ ಇದೆ. ವಸ್ತು ಎತ್ತಿ ಇನ್ನೊಂದು ಕಡೆ ಇಡುವ ಕೆಲಸಕ್ಕೆ ಸ್ಪರ್ಶ ಇಲ್ಲದಾಗ ಸಾಧಾರಣವಾಗಿ 20.9 ಸೆಕೆಂಡ್ ಬೇಕಿತ್ತು. ಸ್ಪರ್ಶ ಕೊಟ್ಟಾಗ 10.2 ಸೆಕೆಂಡ್ ಸಾಕಾಯಿತು. ತಡಕಾಡುವ ಹೊತ್ತು ಉಳಿಯಿತು.

ಪ್ರತಿ ದಿನ ಹೊಂದಿಸುವ ಕಾಟಕ್ಕೂ ಪರಿಹಾರ ಹುಡುಕುತ್ತಿದ್ದಾರೆ. 2025ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಕರುಣೇಶ್ ಗಂಗೂಲಿ ಅವರ ತಂಡ, ಸ್ಟ್ರೋಕ್ ಆಗಿದ್ದ ಒಬ್ಬರು ಮಿದುಳಿನ ಮೇಲ್ಮೈ ಎಲೆಕ್ಟ್ರೋಡ್‌ಗಳಿಂದ ಏಳು ತಿಂಗಳ ಕಾಲ ರೋಬೋಟ್ ತೋಳು ನಡೆಸಿದ್ದನ್ನು ವರದಿ ಮಾಡಿತು. ಮಿಡಿತದ ಚಹರೆ ದಿನದಿನಕ್ಕೆ ಹೇಗೆ ಸರಿಯುತ್ತದೆ ಎಂಬುದನ್ನೇ ಲೆಕ್ಕಕ್ಕೆ ಸೇರಿಸಿಕೊಂಡಿದ್ದರಿಂದ ಸೂತ್ರ ಅಷ್ಟು ಕಾಲ ಬಾಳಿತು. ತಲೆ ತೆರೆಯದೆ, ನೆತ್ತಿಯ ಮೇಲಿಂದಲೇ ಮಿದುಳಿನ ವಿದ್ಯುತ್ ಸಂಕೇತ ಅಳೆಯುವ ಇಇಜಿ ಟೋಪಿ ಹಾಕಿ ರೋಬೋಟ್ ತೋಳು ನಡೆಸುವ ಕೆಲಸವೂ ನಡೆದಿದೆ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕ ಬಿನ್ ಹೆ ಅವರ ತಂಡ ಅದರಲ್ಲಿ ಮುಂದಿದೆ. ಆದರೆ ತಲೆಬುರುಡೆ ದಾಟಿ ಬರುವ ಸಂಕೇತ ಮಸುಕು, ಬೆರಳಿನ ಸೂಕ್ಷ್ಮ ಅದರಲ್ಲಿ ಸಿಗುವುದು ಕಷ್ಟ. ಗೂಟವೇ ಇಲ್ಲದ, ಚರ್ಮದ ಕೆಳಗೇ ಉಳಿದು ವೈರ್‌ಲೆಸ್ ಆಗಿ ಸಂಕೇತ ಕಳಿಸುವ ಸಾಧನಗಳೂ ಮನುಷ್ಯರಲ್ಲಿ ಪರೀಕ್ಷೆಯಾಗುತ್ತಿವೆ. ಜ್ಯಾನ್ ಅವರ ಚರ್ಮ ಕೊಟ್ಟ ಎಚ್ಚರಿಕೆಗೆ ಸರಿಯಾದ ಉತ್ತರ ಇದೇ.

ನಮ್ಮ ಮನೆಗಳಲ್ಲಿ

ಸ್ಪೈನೋಸೆರೆಬೆಲ್ಲರ್ ಕಾಯಿಲೆಗಳು ನಮ್ಮಲ್ಲೂ ಇವೆ, ನಿಮ್ಹಾನ್ಸ್‌ಗೆ ಇಂಥ ಕುಟುಂಬಗಳು ಬರುತ್ತವೆ. ಮರದಿಂದ, ಕಟ್ಟಡದಿಂದ ಬಿದ್ದು, ಬೈಕ್ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾದವರೂ ಇದ್ದಾರೆ. ಅಂಥ ಮನೆಯವರು ವಾಟ್ಸಾಪ್‌ನಲ್ಲಿ ಬಂದ ವಿಡಿಯೊ ನೋಡಿ, ನಮ್ಮವರಿಗೂ ಇದನ್ನು ಹಾಕಿಸಬಹುದಾ ಎಂದು ಕೇಳುವುದು ಸಹಜ. ಮಿದುಳಿನ ಸಂಕೇತದಿಂದ ನಡೆಯುವ ಇಂಥ ರೋಬೋಟ್ ಕೈ ಇವತ್ತಿಗೆ ದುಡ್ಡು ಕೊಟ್ಟು ಹಾಕಿಸಿಕೊಳ್ಳುವ ಚಿಕಿತ್ಸೆ ಅಲ್ಲ, ಇನ್ನೂ ಪ್ರಯೋಗ. ಯಾರಾದರೂ ಹಣ ಕೇಳಿ ಇದನ್ನು ಕೊಡಿಸುತ್ತೇವೆ ಅಂದರೆ ನಂಬಬೇಡಿ. ಅದಕ್ಕಾಗಿ ಕಾಯುತ್ತಾ ಫಿಸಿಯೋಥೆರಪಿ ಬಿಡಬೇಡಿ. ಕೀಲುಗಳು ಬಿಗಿಯದಂತೆ, ಬೆನ್ನಿಗೆ ಹಾಸಿಗೆ ಹುಣ್ಣು ಆಗದಂತೆ, ಮೂತ್ರದ ಸೋಂಕು ಬರದಂತೆ ದಿನಾ ನೋಡಿಕೊಳ್ಳುವುದೇ ಈಗ ಜೀವ ಉಳಿಸುವ ಕೆಲಸ.

ಮುಂದೆ ನಮ್ಮ ದೇಶದಲ್ಲೂ ಇಂಥ ಪ್ರಯೋಗಕ್ಕೆ ಜನರನ್ನು ಸೇರಿಸಿಕೊಳ್ಳುವ ದಿನ ಬಂದರೆ, ಸಹಿ ಹಾಕುವ ಮೊದಲು ಕೇಳಬೇಕಾದದ್ದು ಜ್ಯಾನ್ ಪ್ರಕರಣದಲ್ಲೇ ಸಿಗುತ್ತದೆ. ಪ್ರಯೋಗ ಎಷ್ಟು ವರ್ಷ? ಮುಗಿದ ಮೇಲೆ ಸಾಧನ ತಲೆಯಲ್ಲೇ ಇರುತ್ತದೋ, ತೆಗೆಯುತ್ತಾರೋ? ತೆಗೆಯುವ ಶಸ್ತ್ರಚಿಕಿತ್ಸೆಯ ಖರ್ಚು ಯಾರದು? ಆಮೇಲೆ ಸೋಂಕು ಬಂದರೆ ಯಾರು ನೋಡಿಕೊಳ್ಳುತ್ತಾರೆ? ಸಾಧನ ಮಾಡಿದ ಕಂಪನಿ ಮುಚ್ಚಿಹೋದರೆ ಬಿಡಿಭಾಗ, ಸಾಫ್ಟ್‌ವೇರ್ ಎಲ್ಲಿಂದ ಬರುತ್ತವೆ? ಪ್ರಯೋಗಾಲಯಕ್ಕೆ ವಾರಕ್ಕೆ ಹಲವು ದಿನ ಕರೆದುಕೊಂಡು ಹೋಗಿ ಬರುವವರ ಕೂಲಿ, ಗಾಡಿ ಬಾಡಿಗೆ ಯಾರು ಕೊಡುತ್ತಾರೆ? ಬೇಡ ಅನ್ನಿಸಿದ ದಿನ ಹೊರಬರಬಹುದಾ? ಈ ಉತ್ತರಗಳನ್ನು ಬಾಯಿಮಾತಿನಲ್ಲಿ ಕೇಳಿ ಸುಮ್ಮನಾಗದೆ ಕನ್ನಡದಲ್ಲಿ ಬರೆಸಿಕೊಳ್ಳಿ. ಮನೆಯಲ್ಲಿ ದಿನಾ ಆರೈಕೆ ಮಾಡುವವರು ಯಾರೋ ಅವರನ್ನೂ ಆ ಮಾತುಕತೆಯಲ್ಲಿ ಕೂರಿಸಿಕೊಳ್ಳಿ.